ವೈರಸ್ ತೊಲಗಿದರೂ ತೊಲಗದ ತೊಂದರೆ: ಮನೆಯ ಅಂತರ್ಜಾಲ ಸಂಪರ್ಕವನ್ನು ಸರಿಪಡಿಸಿಕೊಳ್ಳುವ ಬಗೆ

ಕಿರ್ದಿ, ಖಾತೆ, ಚೋಪಡಿಗಳ ಕಾಲದಲ್ಲಿ ವರ್ತಕನ ಲೆಕ್ಕಪತ್ರಗಳಿಗೆ ಇದ್ದ ಶತ್ರುಗಳು ಗೆದ್ದಲು, ಮಳೆ ಮತ್ತು ಇಲಿ. ಇಂದು ಅದೇ ಲೆಕ್ಕಪತ್ರಗಳು ಗಣಕಯಂತ್ರದೊಳಗೆ ಸೇರಿವೆ. ತೆರಿಗೆ ವಿವರಪಟ್ಟಿ, ಇ-ವೇ ಬಿಲ್, ಬ್ಯಾಂಕಿನ ವ್ಯವಹಾರ ಎಲ್ಲವೂ ಅಂತರ್ಜಾಲದ ಮೂಲಕವೇ ನಡೆಯುತ್ತವೆ. ಆದರೆ ಈ ಸಂಪರ್ಕವು ಕೈಕೊಟ್ಟಾಗ ಏನು ಮಾಡಬೇಕೆಂಬುದು ಬಹುಪಾಲು ಸಣ್ಣ ವರ್ತಕರಿಗೆ ತಿಳಿದಿರುವುದಿಲ್ಲ. ಅದರಲ್ಲಿಯೂ ಜನರು ಸಾಮಾನ್ಯವಾಗಿ ವೈರಸ್ ಎಂದು ಕರೆಯುವ ಕುತಂತ್ರಾಂಶವೊಂದು ಹೊಕ್ಕು, ಅದನ್ನು ತೆಗೆದುಹಾಕಿದ ನಂತರವೂ ಸಂಪರ್ಕ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ, ದೋಷ ಎಲ್ಲಿದೆಯೆಂದು ಗುರುತಿಸುವುದೇ ದೊಡ್ಡ ತಲೆನೋವಾಗುತ್ತದೆ.

ಉದಾಹರಣೆಗಾಗಿ, ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ಮನೆಯ ಮುಂಗೋಣೆಯನ್ನೇ ಕಚೇರಿ ಮಾಡಿಕೊಂಡಿರುವ ಅಡಿಕೆ ವರ್ತಕರೊಬ್ಬರನ್ನು ಭಾವಿಸಬಹುದು. ಒಂದು ಗಣಕಯಂತ್ರ, ಮನೆಮಂದಿಯ ನಾಲ್ಕಾರು ಮೊಬೈಲುಗಳು, ಗೋದಾಮಿನ ಮೇಲೆ ಕಣ್ಣಿಡಲು ಸಿಸಿ ಟಿವಿ ಕ್ಯಾಮೆರಾ. ಇವೆಲ್ಲವೂ ಒಂದೇ ವೈ-ಫೈ ಪೆಟ್ಟಿಗೆಗೆ ಜೋಡಣೆಯಾಗಿವೆ. ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್ ಡ್ರೈವಿನಿಂದಲೋ, ಪುಕ್ಕಟೆ ಸಿಗುತ್ತದೆಂದು ಹಾಕಿಸಿಕೊಂಡ ನಕಲಿ ತಂತ್ರಾಂಶದಿಂದಲೋ ಯಂತ್ರಕ್ಕೆ ಸೋಂಕು ತಗುಲುತ್ತದೆ. ಆಂಟಿವೈರಸ್ ಹಾಕಿ ಶುದ್ಧಗೊಳಿಸಿದ್ದಾಯಿತು. ಮರುದಿನದಿಂದ ಜಿಎಸ್‌ಟಿ ಪೋರ್ಟಲ್ ಅರ್ಧ ತೆರೆದು ನಿಲ್ಲುತ್ತದೆ, ಬ್ಯಾಂಕಿನ ಪುಟ ಎಂದಿನಂತೆ ಕಾಣುವುದಿಲ್ಲ, ಸಂಜೆಯಾದರೆ ಏನೂ ತೆರೆಯುವುದಿಲ್ಲ. ಸಂಪರ್ಕ ಕೊಟ್ಟ ಸಂಸ್ಥೆಯ ಲೈನ್‌ಮನ್ ಬಂದು ಪರೀಕ್ಷಿಸಿ ಲೈನ್ ಸರಿಯಾಗಿದೆ ಎನ್ನುತ್ತಾರೆ. ಕಂಪ್ಯೂಟರ್ ರಿಪೇರಿಯವರು ಯಂತ್ರವನ್ನು ಫಾರ್ಮ್ಯಾಟ್ ಮಾಡಿಕೊಟ್ಟು ಹಣ ಪಡೆದು ಹೋಗುತ್ತಾರೆ. ಮೂರು ದಿನ ಸರಿಯಿದ್ದು ನಾಲ್ಕನೆಯ ದಿನ ಮತ್ತೆ ಅದೇ ಕಥೆ. ಲೈನ್‌ಮನ್ ಹೇಳಿದ್ದೂ ಸುಳ್ಳಲ್ಲ, ರಿಪೇರಿಯವರು ಮಾಡಿದ್ದೂ ತಪ್ಪಲ್ಲ. ಇಬ್ಬರೂ ನೋಡದೆ ಬಿಟ್ಟ ಮೂರನೆಯ ಜಾಗವೊಂದು ನಡುವೆ ಇದೆ.

ಒಂದು ದಿನದ ಬೆಲೆ

ಇದನ್ನು ಮನೆಯ ಕಿರಿಕಿರಿಯೆಂದು ತಳ್ಳಿಹಾಕುವಂತಿಲ್ಲ. ಪ್ರತಿ ತಿಂಗಳು ಸಲ್ಲಿಸುವ ಜಿಎಸ್‌ಟಿಆರ್-3ಬಿ ವಿವರಪಟ್ಟಿಗೆ ಮುಂದಿನ ತಿಂಗಳ 20ನೆಯ ತಾರೀಖು ಗಡುವು. ತಪ್ಪಿದರೆ ದಿನಕ್ಕೆ 50 ರೂಪಾಯಿ, ಶೂನ್ಯ ವಹಿವಾಟಿದ್ದರೆ 20 ರೂಪಾಯಿ ವಿಳಂಬ ಶುಲ್ಕ; ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ವಿಳಂಬ ಶುಲ್ಕವನ್ನು ಪೋರ್ಟಲ್ ತಾನೇ ಲೆಕ್ಕ ಹಾಕುತ್ತದೆ. ಮನೆಯ ಸಂಪರ್ಕ ಕೆಟ್ಟಿತ್ತೆಂಬ ಸಮಜಾಯಿಷಿಯನ್ನು ಅದು ಕೇಳುವುದಿಲ್ಲ.

ಶುಲ್ಕದ ಮೊತ್ತ ಸಣ್ಣದು. ನಿಜವಾದ ಅಪಾಯವಿರುವುದು ಇ-ವೇ ಬಿಲ್ಲಿನಲ್ಲಿ. ಕ್ವಿಂಟಾಲಿಗೆ 50 ಸಾವಿರ ರೂಪಾಯಿಯೆಂದು ಇಟ್ಟುಕೊಂಡರೆ 60 ಕ್ವಿಂಟಾಲ್ ಒಣ ಅಡಿಕೆಯ ಲೋಡಿನ ಬೆಲೆ 30 ಲಕ್ಷ, ಶೇ. 5ರಂತೆ ತೆರಿಗೆ ಒಂದೂವರೆ ಲಕ್ಷ. ಲಾರಿ ಹೊರಡುವ ವೇಳೆಗೆ ಸಂಪರ್ಕವಿಲ್ಲವೆಂದು ಬಿಲ್ ಇಲ್ಲದೆ ಸರಕು ಕಳುಹಿಸಿ ದಾರಿಯಲ್ಲಿ ತಪಾಸಣೆಗೆ ಸಿಕ್ಕಿದರೆ, ಕಾಯಿದೆಯ 129ನೆಯ ಕಲಮಿನಂತೆ ಮಾಲೀಕರು ಮುಂದೆ ಬಂದ ಪ್ರಕರಣದಲ್ಲಿಯೂ ತೆರಿಗೆಯ ಎರಡು ಪಟ್ಟು, ಅಂದರೆ ಮೂರು ಲಕ್ಷ ರೂಪಾಯಿ ದಂಡ ತೆರಬೇಕಾಗಬಹುದು. ಆದಕಾರಣ ಮನೆಯ ಸಂಪರ್ಕವೊಂದನ್ನೇ ನಂಬಿ ಕೂರದೆ, ಮೊಬೈಲ್ ಡೇಟಾದ ಮೂಲಕ ಇ-ವೇ ಬಿಲ್ ಮಾಡುವ ವ್ಯವಸ್ಥೆಯನ್ನು ಮುಂಚಿತವಾಗಿಯೇ ಮಾಡಿಟ್ಟುಕೊಳ್ಳುವುದು ಲೇಸು. ನೋಂದಾಯಿತ ಮೊಬೈಲಿನಿಂದ ಎಸ್‌ಎಂಎಸ್ ಮೂಲಕ ಬಿಲ್ ಮಾಡುವ ಸೌಲಭ್ಯವೂ ಇದೆ; ಆದರೆ ಅದಕ್ಕೆ ಮೊದಲೇ ನೋಂದಣಿ ಆಗಿರಬೇಕು. ಸಂಪರ್ಕ ಕೆಟ್ಟ ದಿನ ನೋಂದಣಿ ಮಾಡಲು ಹೊರಟರೆ ಆಗುವ ಕೆಲಸವಲ್ಲ.

ದೋಷ ಎಲ್ಲಿದೆಯೆಂದು ಗುರುತಿಸುವುದು

ಮನೆಯ ಗಣಕಯಂತ್ರದಿಂದ ಹೊರಟ ಕೋರಿಕೆ ನಾಲ್ಕು ಹಂತಗಳನ್ನು ದಾಟುತ್ತದೆ: ಯಂತ್ರ, ರೂಟರ್ ಅಥವಾ ಮೋಡೆಮ್, ಸಂಪರ್ಕ ಸಂಸ್ಥೆಯ ಲೈನ್, ಕೊನೆಗೆ ಆಚೆ ಕಡೆಯ ಜಾಲತಾಣ. ಗಡುವಿನ ಕೊನೆಯ ದಿನಗಳಲ್ಲಿ ತೆರಿಗೆ ಪೋರ್ಟಲ್ ನಿಧಾನವಾಗುವುದು ಎಲ್ಲರಿಗೂ ಅನುಭವವಿರುವ ಸಂಗತಿ. ಅದಕ್ಕೆ ಮನೆಯ ವೈರಸ್ ಕಾರಣವಲ್ಲ. ಮೊಬೈಲಿನ ವೈ-ಫೈ ಆರಿಸಿ, ಸಿಮ್ಮಿನ ಡೇಟಾದ ಮೇಲೆ ಅದೇ ತಾಣ ತೆರೆದು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಅಲ್ಲಿಯೂ ನಿಧಾನವಾಗಿದ್ದರೆ ಕಾಯುವುದೊಂದೇ ಮಾರ್ಗ.

ಸಿಮ್ಮಿನ ಡೇಟಾದಲ್ಲಿ ಸರಾಗವಾಗಿ ತೆರೆದರೆ, ಅದೇ ಮೊಬೈಲನ್ನು ಮನೆಯ ವೈ-ಫೈಗೆ ಜೋಡಿಸಿ ನೋಡಬೇಕು. ಮೊಬೈಲಿನಲ್ಲಿ ಸರಿಯಿದ್ದು ಗಣಕಯಂತ್ರದಲ್ಲಿ ಮಾತ್ರ ತೊಂದರೆಯಿದ್ದರೆ ದೋಷ ಬಹುಮಟ್ಟಿಗೆ ಯಂತ್ರದೊಳಗೇ ಇದೆ. ಎರಡರಲ್ಲಿಯೂ ತೊಂದರೆಯಿದ್ದರೆ ರೂಟರನ್ನೋ ಲೈನನ್ನೋ ಶಂಕಿಸಬೇಕು. ಈ ಎರಡು ಪರೀಕ್ಷೆಗಳಿಗೆ ಹಿಡಿಯುವ ಸಮಯ ಐದು ನಿಮಿಷ. ಆದರೂ ಇವುಗಳನ್ನು ಮಾಡದೆಯೇ ಯಂತ್ರವನ್ನು ರಿಪೇರಿಗೆ ಹೊತ್ತೊಯ್ಯುವವರೇ ಹೆಚ್ಚು.

ಇನ್ನೂ ನಿಖರವಾಗಿ ತಿಳಿಯಬೇಕಾದಲ್ಲಿ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂಬ ಆದೇಶವನ್ನು ಬಳಸಬಹುದು. ಮೊದಲು ರೂಟರಿನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1, ಪಿಂಗ್ ಮಾಡಬೇಕು. ಯಂತ್ರವನ್ನು ತಂತಿಯಿಂದ ರೂಟರಿಗೆ ಜೋಡಿಸಿದ್ದಾಗ ಉತ್ತರ ತಪ್ಪದೆ ಬಂದು, ವೈ-ಫೈನಲ್ಲಿ ಮಾತ್ರ ನಡುನಡುವೆ ತಪ್ಪುತ್ತಿದ್ದರೆ ಅದು ಗೋಡೆ ಮತ್ತು ದೂರದ ಸಮಸ್ಯೆ. ರೂಟರಿನ ಜಾಗ ಬದಲಿಸಿದರೆ ಸಾಕು. ಎರಡನೆಯದಾಗಿ 8.8.8.8 ಎಂಬ ಸಂಖ್ಯೆಗೆ, ಮೂರನೆಯದಾಗಿ ಯಾವುದಾದರೂ ಪರಿಚಿತ ಜಾಲತಾಣದ ಹೆಸರಿಗೆ ಪಿಂಗ್ ಮಾಡಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದೆ, ಆ ಹೆಸರಿನ ತಾಣವೇ ಸಿಗುವುದಿಲ್ಲವೆಂಬ ಸಂದೇಶ ಬಂದರೆ, ರೋಗದ ಹೆಸರು ಗೊತ್ತಾಯಿತೆಂದೇ ತಿಳಿಯಬಹುದು: ಡಿಎನ್‌ಎಸ್.

ಡಿಎನ್‌ಎಸ್ ಎಂಬ ದೂರವಾಣಿ ಪುಸ್ತಕ

ಅಂತರ್ಜಾಲದಲ್ಲಿ ಪ್ರತಿಯೊಂದು ತಾಣಕ್ಕೂ ಸಂಖ್ಯಾರೂಪದ ವಿಳಾಸವಿದೆ. ಮನುಷ್ಯರು ಬೆರಳಚ್ಚು ಮಾಡುವ ಹೆಸರನ್ನು ಆ ಸಂಖ್ಯೆಗೆ ತಿರುಗಿಸಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಹಿಂದೆ ಟೆಲಿಫೋನ್ ಡೈರೆಕ್ಟರಿ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ. ಯಾರಾದರೂ ಮನೆಯಲ್ಲಿದ್ದ ಡೈರೆಕ್ಟರಿಯನ್ನು ಕದ್ದು, ಅದರ ಜಾಗದಲ್ಲಿ ಸುಳ್ಳು ನಂಬರುಗಳ ಡೈರೆಕ್ಟರಿ ಇಟ್ಟು ಹೋದರೆ? ಬ್ಯಾಂಕಿಗೆಂದು ಮಾಡಿದ ಕರೆ ಕಳ್ಳನಿಗೆ ಹೋಗುತ್ತದೆ. ಮಾತನಾಡಿದವರಿಗೆ ಅದು ತಿಳಿಯುವುದೂ ಇಲ್ಲ.

ಇದು ಕಲ್ಪನೆಯಲ್ಲ. ಡಿಎನ್‌ಎಸ್ ಚೇಂಜರ್ ಎಂಬ ಕುತಂತ್ರಾಂಶವು ಗಣಕಯಂತ್ರದ ಡಿಎನ್‌ಎಸ್ ವಿಳಾಸವನ್ನು ಗುಟ್ಟಾಗಿ ಬದಲಿಸಿ, ತನ್ನದೇ ಸರ್ವರುಗಳತ್ತ ತಿರುಗಿಸುತ್ತಿತ್ತು. ಪಾಸ್‌ವರ್ಡ್ ಬದಲಿಸದ ರೂಟರುಗಳನ್ನೂ ಅದು ಬಿಡುತ್ತಿರಲಿಲ್ಲ. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಈ ಜಾಲವನ್ನು ಭೇದಿಸಿದ್ದನ್ನು ಪ್ರಕಟಿಸಿತು. ಎಸ್ಟೋನಿಯಾ ದೇಶದಲ್ಲಿ ಆರು ಮಂದಿಯ ಬಂಧನವಾಯಿತು. ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಯಂತ್ರಗಳು ಸೋಂಕಿಗೆ ಒಳಗಾಗಿದ್ದುವು. ಜಾಹೀರಾತುಗಳನ್ನು ಬದಲಿಸಿಯೇ ಆರೋಪಿಗಳು ಕನಿಷ್ಠ 1 ಕೋಟಿ 40 ಲಕ್ಷ ಡಾಲರ್ ಗಳಿಸಿದ್ದರೆಂದು ತನಿಖಾ ಸಂಸ್ಥೆ ತಿಳಿಸಿತು.

ಇದರ ಮುಂದಿನ ಭಾಗವೇ ಈ ಲೇಖನದ ವಿಷಯಕ್ಕೆ ಹತ್ತಿರವಾದದ್ದು. ಕಳ್ಳರ ಸರ್ವರುಗಳನ್ನು ಒಮ್ಮೆಗೇ ನಿಲ್ಲಿಸಿಬಿಟ್ಟರೆ ಲಕ್ಷಾಂತರ ಮನೆಗಳ ಸಂಪರ್ಕ ಸತ್ತುಹೋಗುತ್ತಿತ್ತು. ಏಕೆಂದರೆ ಆ ಯಂತ್ರಗಳಿಗೆ ಗೊತ್ತಿದ್ದದ್ದು ಆ ಡೈರೆಕ್ಟರಿ ಒಂದೇ. ಆದ್ದರಿಂದ ನ್ಯಾಯಾಲಯದ ಅನುಮತಿ ಪಡೆದು, ಅವುಗಳ ಜಾಗದಲ್ಲಿ ಸರಿಯಾದ ಸರ್ವರುಗಳನ್ನು ಇರಿಸಿ 2012ರ ಜುಲೈ 9ರವರೆಗೆ ನಡೆಸಲಾಯಿತು. ಆ ದಿನದವರೆಗೂ ತಮ್ಮ ಯಂತ್ರವನ್ನು ಸರಿಪಡಿಸಿಕೊಳ್ಳದೆ ಇದ್ದವರ ಸಂಪರ್ಕ ನಿಂತುಹೋಯಿತು. ಕುತಂತ್ರಾಂಶವು ಮಾಡಿಟ್ಟುಹೋದ ಬದಲಾವಣೆ ಕುತಂತ್ರಾಂಶಕ್ಕಿಂತ ಹೆಚ್ಚು ಕಾಲ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಸಿಗಲಾರದು.

ಯಂತ್ರದೊಳಗೆ ಉಳಿಯುವ ಕುರುಹುಗಳು

ಆಂಟಿವೈರಸ್ ತಂತ್ರಾಂಶವು ಕಳ್ಳನನ್ನು ಹಿಡಿದು ಹೊರಗೆ ಹಾಕುತ್ತದೆ. ಆದರೆ ಕಳ್ಳ ತಿರುಗಿಸಿಟ್ಟ ಬೀಗಗಳನ್ನೆಲ್ಲ ಮತ್ತೆ ಸರಿಪಡಿಸುತ್ತದೆಯೆಂಬ ಭರವಸೆಯಿಲ್ಲ. ಮೊದಲು ನೋಡಬೇಕಾದದ್ದು ಪ್ರಾಕ್ಸಿ. ಕೆಲವು ಕುತಂತ್ರಾಂಶಗಳು ಯಂತ್ರದ ಎಲ್ಲ ಅಂತರ್ಜಾಲ ವ್ಯವಹಾರವೂ ತಮ್ಮ ಮೂಲಕವೇ ಹಾದುಹೋಗುವಂತೆ ಪ್ರಾಕ್ಸಿ ಎಂಬ ಮಧ್ಯವರ್ತಿಯ ವಿಳಾಸವನ್ನು ಸೆಟ್ಟಿಂಗ್ಸಿನಲ್ಲಿ ಬರೆದಿಡುತ್ತವೆ. ಕುತಂತ್ರಾಂಶವನ್ನು ತೆಗೆದ ಮೇಲೆ ಮಧ್ಯವರ್ತಿ ಇಲ್ಲವಾಗುತ್ತಾನೆ, ಆತನ ವಿಳಾಸ ಮಾತ್ರ ಉಳಿಯುತ್ತದೆ. ಆಗ ವೈ-ಫೈ ಚಿಹ್ನೆ ಸರಿಯಾಗಿಯೇ ಕಾಣುತ್ತದೆ, ಪಿಂಗ್‌ಗೂ ಉತ್ತರ ಬರುತ್ತದೆ, ಆದರೆ ಬ್ರೌಸರ್ ಮಾತ್ರ ಒಂದು ಪುಟವನ್ನೂ ತೆರೆಯುವುದಿಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಪ್ರಾಕ್ಸಿ ವಿಭಾಗಕ್ಕೆ ಹೋಗಿ, ಕೈಯಾರೆ ಹಾಕದ ವಿಳಾಸವೇನಾದರೂ ಅಲ್ಲಿದ್ದರೆ, ವಿಶೇಷವಾಗಿ 127.0.0.1 ಎಂದಿದ್ದರೆ, ಅದನ್ನು ಆಫ್ ಮಾಡಬೇಕು.

ನಂತರ ಅದೇ ನೆಟ್‌ವರ್ಕ್ ವಿಭಾಗದಲ್ಲಿ ಡಿಎನ್‌ಎಸ್ ವಿಳಾಸವನ್ನು ಪರಿಶೀಲಿಸಬೇಕು. ಮನೆಯ ಸಂಪರ್ಕದಲ್ಲಿ ಇದು ಸಾಮಾನ್ಯವಾಗಿ ತಾನಾಗಿ ಪಡೆಯುವಂತೆ ಇರತಕ್ಕದ್ದು. ಅಪರಿಚಿತ ಸಂಖ್ಯೆ ಇದ್ದಲ್ಲಿ ತೆಗೆದು, ಸ್ವಯಂಚಾಲಿತ ಸ್ಥಿತಿಗೆ ಮರಳಿಸಬೇಕು. ಹೋಸ್ಟ್ಸ್ ಎಂಬ ಸಣ್ಣ ಕಡತವೊಂದಿದೆ. ಡಿಎನ್‌ಎಸ್‌ಗಿಂತ ಮೊದಲು ಯಂತ್ರ ಇದನ್ನೇ ನೋಡುತ್ತದೆ. ಅದರಲ್ಲಿ ಬ್ಯಾಂಕಿನ ಅಥವಾ ಆಂಟಿವೈರಸ್ ಸಂಸ್ಥೆಗಳ ಹೆಸರಿನ ಸಾಲುಗಳನ್ನು ಸೇರಿಸಿಡುವುದು ಕುತಂತ್ರಾಂಶಗಳ ಹಳೆಯ ಚಾಳಿ. ಆಂಟಿವೈರಸ್‌ನ ತಾಣ ಮಾತ್ರ ತೆರೆಯುವುದಿಲ್ಲ, ಉಳಿದದ್ದೆಲ್ಲ ತೆರೆಯುತ್ತದೆ ಎಂದಾದರೆ ಮೊದಲು ನೋಡಬೇಕಾದದ್ದು ಈ ಕಡತವನ್ನೇ. ಬ್ರೌಸರಿಗೆ ಅಂಟಿಕೊಂಡ ಎಕ್ಸ್‌ಟೆನ್ಷನ್‌ಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ; ಗೊತ್ತಿಲ್ಲದವುಗಳನ್ನೆಲ್ಲ ಕಿತ್ತುಹಾಕಬಹುದು.

ಇವೆಲ್ಲ ಸರಿಯಿದ್ದೂ ಸಂಪರ್ಕ ತಡವರಿಸುತ್ತಿದ್ದರೆ, ಜಾಲ ವ್ಯವಹಾರವನ್ನು ನೋಡಿಕೊಳ್ಳುವ ವಿಂಡೋಸ್‌ನ ಒಳಭಾಗವೇ ಕೆಟ್ಟಿರುವ ಸಂಭವವಿದೆ. ವಿಂಡೋಸ್ 10 ಮತ್ತು 11ರಲ್ಲಿ ನೆಟ್‌ವರ್ಕ್ ರೀಸೆಟ್ ಎಂಬ ಗುಂಡಿಯಿದೆ. ಅದು ಎಲ್ಲ ಸೆಟ್ಟಿಂಗ್ಸನ್ನೂ ಮೂಲಸ್ಥಿತಿಗೆ ತರುತ್ತದೆ. ವೈ-ಫೈ ಪಾಸ್‌ವರ್ಡನ್ನು ಮಾತ್ರ ಬರೆದಿಟ್ಟುಕೊಂಡಿರಬೇಕು. ಎರಡು ಆಂಟಿವೈರಸ್‌ಗಳು ಒಂದೇ ಯಂತ್ರದಲ್ಲಿ ಕೂತು ಪರಸ್ಪರ ಜಗಳಾಡುವುದರಿಂದಲೂ ಇದೇ ಲಕ್ಷಣಗಳು ತೋರುತ್ತವೆ. ಭಯಕ್ಕೆ ಒಂದರ ಮೇಲೊಂದು ಹಾಕಿಸಿಕೊಂಡವರು ಇದನ್ನು ಗಮನಿಸಬೇಕು.

ಯಂತ್ರ ಹಳೆಯದಾಗಿದ್ದರೆ ಇನ್ನೊಂದು ಮಾತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ವಿಸ್ತರಿತ ಭದ್ರತಾ ಯೋಜನೆಗೆ ಸೇರದ ವಿಂಡೋಸ್ 10 ಯಂತ್ರಕ್ಕೆ ಹೊಸ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಹಳೆಯ ವಿಂಡೋಸ್ ಮತ್ತು ಅದರ ಮೇಲೆ ಲೆಕ್ಕಪತ್ರ ತಂತ್ರಾಂಶದ ಕದ್ದ ಪ್ರತಿ ಕೂತಿರುವ ಯಂತ್ರವನ್ನು ಎಷ್ಟು ಸಲ ಶುದ್ಧಗೊಳಿಸಿದರೂ ಬಾಗಿಲು ತೆರೆದಿಟ್ಟು ಕಸ ಗುಡಿಸಿದಂತೆಯೇ.

2017ರ ಜುಲೈನಲ್ಲಿ ನಡೆದದ್ದು

ಲೈನ್‌ಮನ್ ಮತ್ತು ರಿಪೇರಿಯವರಿಬ್ಬರೂ ನೋಡದೆ ಬಿಡುವ ಮೂರನೆಯ ಜಾಗ ರೂಟರ್. ಅದು ದೀಪ ಮಿನುಗಿಸುವ ಬರಿಯ ಪೆಟ್ಟಿಗೆಯಲ್ಲ; ಪ್ರೊಸೆಸರ್, ಮೆಮೊರಿ, ತಂತ್ರಾಂಶ ಎಲ್ಲ ಇರುವ ಪುಟ್ಟ ಗಣಕಯಂತ್ರ. ಅದಕ್ಕೂ ಸೋಂಕು ತಗುಲುತ್ತದೆ; ಅದರೊಳಗೆ ಆಂಟಿವೈರಸ್ ಓಡಿಸುವವರು ಯಾರೂ ಇಲ್ಲ.

ಕರ್ನಾಟಕದ ಬಳಕೆದಾರರಿಗೆ ಇದರ ಅನುಭವವಾದದ್ದು 2017ರ ಜುಲೈ ತಿಂಗಳ ಕೊನೆಯ ವಾರದಲ್ಲಿ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಸಂಪರ್ಕ ಕಳೆದುಕೊಂಡವು. ಕುತಂತ್ರಾಂಶದ ದಾಳಿಗೆ ಸಿಕ್ಕಿದ್ದು, ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಿಸದೆ ಹಾಗೆಯೇ ಬಿಟ್ಟಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಸಂಸ್ಥೆಯು ಗ್ರಾಹಕರಿಗೆ ಸೂಚಿಸಿತು. ಸುಮಾರು 60 ಸಾವಿರ ಮೋಡೆಮ್‌ಗಳು ನಿಂತುಹೋದವೆಂದು ಆಗ ವರದಿಯಾಗಿತ್ತು. ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶವನ್ನು ಹರಿಯಬಿಟ್ಟವನೆಂದು ಹೇಳಿಕೊಂಡ ಅನಾಮಿಕನೊಬ್ಬ ಇದಕ್ಕೆ ಹೊಣೆ ಹೊತ್ತುಕೊಂಡ. ಭದ್ರತೆಯಿಲ್ಲದ ಉಪಕರಣಗಳನ್ನು ಇತರ ದುಷ್ಕರ್ಮಿಗಳು ಬಳಸಿಕೊಳ್ಳುವ ಮೊದಲೇ ತಾನು ಕೆಡಿಸಿಬಿಡುವುದು ಲೋಕೋಪಕಾರವೆಂಬುದು ಆತನ ವಾದ! ಅಂಗಡಿಗೆ ಬೀಗ ಹಾಕಿಲ್ಲವೆಂದು ಅಂಗಡಿಗೇ ಬೆಂಕಿಯಿಡುವವನ ಉಪಕಾರ ಎಂಥದ್ದೆಂದು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಹಿಂದಿನ ವರ್ಷ, ಅಂದರೆ 2016ರಲ್ಲಿ, ಮಿರಾಯ್ ಎಂಬ ಕುತಂತ್ರಾಂಶ ಇದೇ ರೀತಿ ಕಾರ್ಖಾನೆಯ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಜಗತ್ತಿನ ಲಕ್ಷಾಂತರ ರೂಟರ್ ಮತ್ತು ಸಿಸಿ ಟಿವಿ ಪೆಟ್ಟಿಗೆಗಳನ್ನು ವಶಪಡಿಸಿಕೊಂಡಿತ್ತು. ಮಿರಾಯ್ ಇರುತ್ತಿದ್ದುದು ಉಪಕರಣದ ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ. ಸ್ವಿಚ್ ಆರಿಸಿ ಹಾಕಿದರೆ ಹೋಗುತ್ತಿತ್ತು. ಪಾಸ್‌ವರ್ಡ್ ಬದಲಿಸದಿದ್ದರೆ ಬಹುಬೇಗ ಮತ್ತೆ ಬರುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ, ಆಮೇಲೆ ಮತ್ತೆ ನಿಧಾನ ಎಂಬ ದೂರಿಗೆ ಇದೂ ಒಂದು ಕಾರಣವಿರಬಹುದು. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಇನ್ನೂ ಗಟ್ಟಿ ಜಾತಿಯದು. ಕನಿಷ್ಠ 54 ದೇಶಗಳ ಐದು ಲಕ್ಷ ಉಪಕರಣಗಳಲ್ಲಿ ಸೇರಿಕೊಂಡಿದ್ದ ಇದರ ಮೊದಲ ಭಾಗವು ಸ್ವಿಚ್ ಆರಿಸಿದರೂ ಅಳಿಯುತ್ತಿರಲಿಲ್ಲ. ಪೂರ್ಣ ತೊಲಗಿಸಲು ಫ್ಯಾಕ್ಟರಿ ರೀಸೆಟ್ ಮಾಡಬೇಕಾಗಿತ್ತು.

ಕೆಲಸದ ಅನುಕ್ರಮ

ಮೊದಲಿನ ಉದಾಹರಣೆಯ ವರ್ತಕರ ಯಂತ್ರ ನಾಲ್ಕನೆಯ ದಿನ ಮತ್ತೆ ಕೆಟ್ಟದ್ದೇಕೆಂಬುದು ಈಗ ಸ್ಪಷ್ಟವಾಗುತ್ತದೆ. ಯಂತ್ರವನ್ನು ಮಾತ್ರ ಶುದ್ಧಗೊಳಿಸಿದರೆ ಕೆಟ್ಟ ರೂಟರ್ ಸುಳ್ಳು ವಿಳಾಸ ಕೊಡುತ್ತಲೇ ಇರುತ್ತದೆ. ರೂಟರನ್ನು ಮಾತ್ರ ಸರಿಪಡಿಸಿದರೆ, ಸೋಂಕಿರುವ ಯಂತ್ರ ಅದನ್ನು ಮತ್ತೆ ಕೆಡಿಸುತ್ತದೆ. ಎರಡನ್ನೂ ಒಂದೇ ದಿನ, ಪರಸ್ಪರ ಬೇರ್ಪಡಿಸಿಟ್ಟು ಸರಿಪಡಿಸಬೇಕು.

ಯಂತ್ರದಿಂದ ತಂತಿ ಕಿತ್ತು, ವೈ-ಫೈ ಆರಿಸಿ ಇಡಬೇಕು. ಡಿಜಿಟಲ್ ಸಹಿಯ ಟೋಕನ್ ಚುಚ್ಚಿದ್ದರೆ ಮೊದಲು ಅದನ್ನು ತೆಗೆಯಬೇಕು. ವರ್ಷವಿಡೀ ಅದನ್ನು ಯಂತ್ರದಲ್ಲಿಯೇ ಬಿಟ್ಟಿರುವುದು ಚೆಕ್ ಪುಸ್ತಕಕ್ಕೆ ಸಹಿ ಹಾಕಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಂತೆ. ಲೆಕ್ಕಪತ್ರದ ದತ್ತಾಂಶವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ ಕಿತ್ತಿಡಬೇಕು. ಇದು ಹಳೆಯ ಬ್ಯಾಕಪ್ಪಿನ ಮೇಲೆ ಹೊಸದನ್ನು ಬರೆಯುವ ಸಮಯವಲ್ಲ. ಹಳೆಯದು ಹಾಗೆಯೇ ಇರಲಿ. ಶುದ್ಧಗೊಳಿಸುವ ತಂತ್ರಾಂಶವನ್ನು ಬೇರೆ ಒಳ್ಳೆಯ ಯಂತ್ರದಲ್ಲಿ ಇಳಿಸಿಕೊಂಡು ತರಬೇಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ ಸೈಬರ್ ಸ್ವಚ್ಛತಾ ಕೇಂದ್ರ 2017ರ ಫೆಬ್ರವರಿಯಲ್ಲಿ ಆರಂಭವಾದದ್ದು. ಅದರ ತಾಣದಲ್ಲಿ ಇಂಥ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಕೇಂದ್ರವು ಸೋಂಕಿತ ಸಂಪರ್ಕಗಳ ಮಾಹಿತಿಯನ್ನು ಅಂತರ್ಜಾಲ ಸಂಸ್ಥೆಗಳಿಗೂ ತಲುಪಿಸುತ್ತದೆ. ಆದುದರಿಂದ ನಿಮ್ಮ ಸಂಪರ್ಕದಲ್ಲಿ ಸೋಂಕಿದೆಯೆಂದು ಸಂದೇಶ ಬಂದರೆ ತಳ್ಳಿಹಾಕಬಾರದು. ಆದರೆ ಸಂದೇಶದಲ್ಲಿನ ಕೊಂಡಿಯನ್ನು ಒತ್ತದೆ, ತಾಣದ ವಿಳಾಸವನ್ನು ಕೈಯಾರೆ ಬರೆದು ಹೋಗಬೇಕು.

ಯಂತ್ರ ಶುದ್ಧವಾದ ಮೇಲೆ ಪ್ರಾಕ್ಸಿ, ಡಿಎನ್‌ಎಸ್, ಹೋಸ್ಟ್ಸ್ ಕಡತಗಳನ್ನು ಮೇಲೆ ಹೇಳಿದಂತೆ ಸರಿಪಡಿಸಿ, ರೂಟರಿನತ್ತ ತಿರುಗಬೇಕು. ಇಲ್ಲಿ ಅವಸರ ಸಲ್ಲದು. ಪೆಟ್ಟಿಗೆಯ ಹಿಂಬದಿಯ ಸಣ್ಣ ರಂಧ್ರದಲ್ಲಿ ಪಿನ್ ಚುಚ್ಚಿ ರೀಸೆಟ್ ಮಾಡಿದರೆ ಸಂಸ್ಥೆಯವರು ಬರೆದಿಟ್ಟ ಬಳಕೆದಾರ ಹೆಸರು, ಪಾಸ್‌ವರ್ಡ್ ಮುಂತಾದ ವಿವರಗಳೂ ಅಳಿಸಿಹೋಗುತ್ತವೆ. ಫೈಬರ್ ಸಂಪರ್ಕದ ಪೆಟ್ಟಿಗೆಗಳಲ್ಲಿ ಇನ್ನೂ ಕೆಲವು ಸಂಖ್ಯೆಗಳಿರುತ್ತವೆ. ಅವಿಲ್ಲದೆ ಪೆಟ್ಟಿಗೆ ಮತ್ತೆ ಏಳುವುದಿಲ್ಲ. ಇವನ್ನೆಲ್ಲ ಸಂಸ್ಥೆಯಿಂದ ಕೇಳಿ ಕಾಗದದ ಮೇಲೆ ಬರೆದಿಟ್ಟುಕೊಂಡ ನಂತರವೇ ಪಿನ್ ಕೈಗೆತ್ತಿಕೊಳ್ಳಬೇಕು. ಭಾನುವಾರದ ಸಂಜೆ ರೀಸೆಟ್ ಮಾಡಿ ಸೋಮವಾರದ ಗಡುವಿಗೆ ಲೈನ್‌ಮನ್‌ನ ದಾರಿ ಕಾಯುವ ಪ್ರಸಂಗ ತಂದುಕೊಳ್ಳಬಾರದು.

ರೀಸೆಟ್ ಆದ ಕೂಡಲೇ, ಬೇರಾವುದನ್ನೂ ಜೋಡಿಸುವ ಮೊದಲು, ಆಡಳಿತ ಪಾಸ್‌ವರ್ಡನ್ನು ಬದಲಿಸಬೇಕು. ವೈ-ಫೈ ಪಾಸ್‌ವರ್ಡ್ ಬೇರೆ, ಆಡಳಿತ ಪಾಸ್‌ವರ್ಡ್ ಬೇರೆ. ಮೊದಲನೆಯದನ್ನು ಬದಲಿಸಿ ಎಲ್ಲ ಮುಗಿಯಿತೆಂದು ತಿಳಿಯುವವರು ಬಹಳ. ಹೊರಗಿನಿಂದ ರೂಟರನ್ನು ನಿಯಂತ್ರಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಸೌಲಭ್ಯವನ್ನು ಆರಿಸಿಡಬೇಕು. ಸಂಪರ್ಕ ಸಂಸ್ಥೆಯೇ ಅದನ್ನು ಬಳಸುತ್ತಿದ್ದರೆ ಅವರನ್ನು ವಿಚಾರಿಸಿ ಮುಂದುವರಿಯಬೇಕು. ತಯಾರಕರು ಹೊಸ ಫರ್ಮ್‌ವೇರ್ ಬಿಡುಗಡೆ ಮಾಡಿದ್ದರೆ ಹಾಕಿಕೊಳ್ಳಬೇಕು; ವರ್ಷಗಳಿಂದ ಬಿಡುಗಡೆಯೇ ಆಗಿಲ್ಲದ ಹಳೆಯ ಮಾದರಿಯಾಗಿದ್ದರೆ ಪೆಟ್ಟಿಗೆಯನ್ನೇ ಬದಲಿಸುವುದು ಅಗ್ಗ.

ಆಮೇಲೆ ಒಂದೊಂದಾಗಿ ಉಪಕರಣಗಳನ್ನು ಜೋಡಿಸುತ್ತ ಹೋಗಬೇಕು. ಯಾವುದನ್ನು ಜೋಡಿಸಿದಾಗ ಸಂಪರ್ಕ ಕುಸಿಯುತ್ತದೋ ಅದೇ ಅಪರಾಧಿ. ಗೋದಾಮಿನ ಸಿಸಿ ಟಿವಿ ಪೆಟ್ಟಿಗೆಯನ್ನು ಕೊನೆಗೆ ಜೋಡಿಸಿ, ವಿಶೇಷವಾಗಿ ಗಮನಿಸಬೇಕು. ಊರಿನ ಅನೇಕ ಕಡೆ ಕ್ಯಾಮೆರಾ ಕೂರಿಸಿದವರೇ ಇಟ್ಟ ಪಾಸ್‌ವರ್ಡ್ ಇಂದಿಗೂ ಹಾಗೆಯೇ ಇರುತ್ತದೆ. ಒಬ್ಬರೇ ಕೂರಿಸಿದ ಹತ್ತು ಗೋದಾಮುಗಳಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಆಶ್ಚರ್ಯವಿಲ್ಲ. ಸೋಂಕಿತ ಪೆಟ್ಟಿಗೆಯು ಮನೆಯ ಸಂಪರ್ಕದ ಅಪ್‌ಲೋಡ್ ಸಾಮರ್ಥ್ಯವನ್ನೆಲ್ಲ ನುಂಗಿಬಿಟ್ಟರೆ, ಡೌನ್‌ಲೋಡ್ ವೇಗ ಎಷ್ಟಿದ್ದರೂ ಪುಟಗಳು ತೆರೆಯುವುದಿಲ್ಲ. ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಸೌಲಭ್ಯವಿದ್ದರೆ ಕ್ಯಾಮೆರಾ ಮತ್ತು ಮಕ್ಕಳ ಮೊಬೈಲುಗಳನ್ನು ಅದಕ್ಕೆ ಹಾಕಿ, ಲೆಕ್ಕಪತ್ರದ ಯಂತ್ರವನ್ನು ಪ್ರತ್ಯೇಕವಾಗಿ ಇಡಬಹುದು.

ಮೊಬೈಲುಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ವಾಹನದ ದಂಡದ ಚಲನ್, ಮದುವೆಯ ಕರೆಯೋಲೆ ಎಂದೆಲ್ಲ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತಗಳು ಕುತಂತ್ರಾಂಶವೇ ಆಗಿರುವ ಪ್ರಕರಣಗಳು ಈಚಿನ ವರ್ಷಗಳಲ್ಲಿ ದೇಶದ ನಾನಾ ಕಡೆ ನಡೆದಿವೆ. ಒಟಿಪಿ ಬರುವ ಮೊಬೈಲಿಗೇ ಸೋಂಕಿದ್ದರೆ ಗಣಕಯಂತ್ರ ಶುದ್ಧವಿದ್ದು ಪ್ರಯೋಜನವೇನು?

ಪಾಸ್‌ವರ್ಡ್, ಬ್ಯಾಂಕು ಮತ್ತು ಹಣ

ವೈರಸ್ ಎಂದೊಡನೆ ಗಾಬರಿಯಿಂದ ಅದೇ ಯಂತ್ರದಲ್ಲಿ ಕೂತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವುದು ಸಾಮಾನ್ಯ. ಕೀಲಿಮಣೆಯ ಪ್ರತಿಯೊಂದು ಒತ್ತನ್ನೂ ದಾಖಲಿಸುವ ಕುತಂತ್ರಾಂಶ ಅಲ್ಲಿದ್ದರೆ, ಹೊಸ ಪಾಸ್‌ವರ್ಡನ್ನು ಕಳ್ಳನ ಕೈಗೆ ಕೊಟ್ಟಂತಾಗುತ್ತದೆ. ತುರ್ತು ಇದ್ದರೆ ಬೇರೊಂದು ಶುದ್ಧ ಯಂತ್ರದಿಂದ, ಬೇರೆ ಸಂಪರ್ಕದಲ್ಲಿ ಬದಲಿಸಬೇಕು. ಮೊದಲು ಇ-ಮೇಲ್, ಏಕೆಂದರೆ ಉಳಿದೆಲ್ಲ ಖಾತೆಗಳ ಬೀಗದ ಕೈ ಅಲ್ಲಿಗೇ ಬರುತ್ತದೆ. ನಂತರ ಬ್ಯಾಂಕು, ಜಿಎಸ್‌ಟಿ, ಆದಾಯ ತೆರಿಗೆ, ಇ-ವೇ ಬಿಲ್. ತೆರಿಗೆ ಪೋರ್ಟಲ್‌ಗಳಲ್ಲಿ ನೋಂದಾಯಿತ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತಾವು ಮಾಡದ ಇ-ವೇ ಬಿಲ್ ಯಾವುದಾದರೂ ತಮ್ಮ ಹೆಸರಿನಲ್ಲಿ ಹುಟ್ಟಿಕೊಂಡಿದೆಯೇ ಎಂದು ಹಿಂದಿನ ತಿಂಗಳುಗಳ ಪಟ್ಟಿಯನ್ನು ತೆರೆದು ನೋಡುವುದು ವ್ಯರ್ಥವಲ್ಲ.

ಸಂಪರ್ಕ ಸಂಸ್ಥೆಯ ಸಹಾಯವಾಣಿಯನ್ನು ಸರ್ಚ್ ಮಾಡಿ ಹುಡುಕುವುದು ಅಪಾಯಕಾರಿ. ಹುಡುಕಿದಾಗ ಮೊದಲು ಸಿಗುವ ನಂಬರು ವಂಚಕರದ್ದಾಗಿರಬಹುದು. ಬಿಲ್ಲಿನ ಮೇಲೆ ಅಚ್ಚಾಗಿರುವ ನಂಬರಿಗೇ ಕರೆ ಮಾಡಬೇಕು. ದೂರದಿಂದ ಯಂತ್ರವನ್ನು ನಡೆಸುವ ಆ್ಯಪ್ ಹಾಕಿಕೊಳ್ಳಿ, ನಾವು ಸರಿಪಡಿಸುತ್ತೇವೆ ಎನ್ನುವ ಅಪರಿಚಿತರಿಗೆ ಒಪ್ಪಬಾರದು. ಇಂಥ ಆ್ಯಪ್‌ಗಳ ದುರ್ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಹಣ ಹೋದದ್ದು ತಿಳಿದ ಕ್ಷಣವೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಈ ವಿಷಯದಲ್ಲಿ ದಿನಗಳ ಲೆಕ್ಕ ಹಾಕಿಕೊಟ್ಟಿತು. ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವಿನ ವ್ಯವಸ್ಥೆಯದೆಂದಾದಾಗ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನಗಳಾದರೆ ಹೊಣೆಗೆ ಮಿತಿ, ಸಣ್ಣ ಉದ್ದಿಮೆಗಳ ಚಾಲ್ತಿ ಮತ್ತು ಓವರ್‌ಡ್ರಾಫ್ಟ್ ಖಾತೆಗಳಿಗೆ ಅದು 10 ಸಾವಿರ ರೂಪಾಯಿ. ಆದರೆ ಪಾಸ್‌ವರ್ಡ್, ಒಟಿಪಿಗಳನ್ನು ತಾನೇ ಹಂಚಿಕೊಂಡ ನಿರ್ಲಕ್ಷ್ಯದ ಪ್ರಕರಣದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕರದೇ. ಸೋಂಕಿರುವ ಯಂತ್ರವೆಂದು ಗೊತ್ತಿದ್ದೂ ಅದರಲ್ಲಿಯೇ ವ್ಯವಹಾರ ಮುಂದುವರಿಸಿದವರು ತಮ್ಮ ವಾದವನ್ನು ತಾವೇ ದುರ್ಬಲಗೊಳಿಸಿಕೊಳ್ಳುತ್ತಾರೆ. ಆದ್ದರಿಂದ ಸೋಂಕು ತಿಳಿದ ದಿನ, ಶುದ್ಧಗೊಳಿಸಿದ ದಿನ, ರಿಪೇರಿಯ ರಸೀದಿ ಇವನ್ನು ಕಡತದಲ್ಲಿ ಇಡತಕ್ಕದ್ದು. ಈಚಿನ ನಿಯಮಗಳನ್ನು ಸಂಬಂಧಪಟ್ಟ ಬ್ಯಾಂಕಿನಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದು.

ವೈರಸ್ಸಿಗೆ ಸಂಬಂಧವಿಲ್ಲದ ದೋಷಗಳು

ಒಮ್ಮೆ ಸೋಂಕು ತಗುಲಿದ ಮನೆಯಲ್ಲಿ ಆಮೇಲಿನ ಪ್ರತಿಯೊಂದು ತೊಂದರೆಗೂ ಸೋಂಕೇ ಕಾರಣವೆಂದು ತೋರುತ್ತದೆ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತ ಬರುತ್ತಿಲ್ಲವೆಂದೇ ಅರ್ಥ. ತಂತಿ ಎಲ್ಲೋ ತುಂಡಾಗಿದೆ ಅಥವಾ ಮಡಿಸಿಕೊಂಡಿದೆ. ಮರದ ಕೊಂಬೆ ಬಿದ್ದರೂ, ರಸ್ತೆ ಅಗೆದರೂ ಇದು ಸಂಭವಿಸುತ್ತದೆ. ಸಂಕೇತ ಕ್ಷೀಣವಾಗಿದ್ದರೆ ಸಂಪರ್ಕ ಬಂದು ಹೋಗಿ ಆಡುತ್ತದೆ. ಇದನ್ನು ಸಂಸ್ಥೆಯ ಸಿಬ್ಬಂದಿ ಮೀಟರಿನಿಂದ ಅಳೆಯಬಲ್ಲರು, ಅಳೆಯುವಂತೆ ಕೇಳಬೇಕು. ಪದೇಪದೇ ವಿದ್ಯುತ್ ಹೋಗುವ ಊರುಗಳಲ್ಲಿ ರೂಟರಿನ ಅಡಾಪ್ಟರ್ ದುರ್ಬಲವಾಗಿ ಪೆಟ್ಟಿಗೆ ತಾನಾಗಿ ಆಫ್ ಆಗಿ ಆನ್ ಆಗುತ್ತಿರುತ್ತದೆ. ಕೆಲವು ನೂರು ರೂಪಾಯಿಗಳ ಅಡಾಪ್ಟರಿನ ದೋಷಕ್ಕೆ ಸಾವಿರಾರು ರೂಪಾಯಿ ಕೊಟ್ಟು ಫಾರ್ಮ್ಯಾಟ್ ಮಾಡಿಸುವುದು ದುಂದು.

ದೂರು ಕೊಟ್ಟಾಗ ಡಾಕೆಟ್ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು. ಪರಿಹಾರ ಸಿಗದಿದ್ದರೆ ಸಂಸ್ಥೆಯೊಳಗೇ ಮೇಲ್ಮನವಿ ಪ್ರಾಧಿಕಾರವಿರುತ್ತದೆ. 2012ರ ಟ್ರಾಯ್ ವಿನಿಯಮಗಳು ಈ ಹಕ್ಕನ್ನು ಗ್ರಾಹಕರಿಗೆ ಕೊಟ್ಟಿವೆ. ಮೇಲೆ ಹೇಳಿದ ಪಿಂಗ್ ಪರೀಕ್ಷೆಗಳ ಫಲಿತಾಂಶವನ್ನು ದಿನಾಂಕ, ವೇಳೆ ಸಹಿತ ಬರೆದು ದೂರಿನ ಜೊತೆಗಿಟ್ಟರೆ, ನಿಮ್ಮ ಯಂತ್ರದಲ್ಲೇ ವೈರಸ್ ಇರಬೇಕು ಎಂಬ ಸಿದ್ಧ ಉತ್ತರವನ್ನು ಕೊಡುವುದು ಎದುರಿನವರಿಗೆ ಕಷ್ಟವಾಗುತ್ತದೆ.

ಇನ್ನು ಖರ್ಚಿನ ಲೆಕ್ಕ. ಕಂಪ್ಯೂಟರಿನೊಂದಿಗೆ ಬಳಸುವ ರೂಟರನ್ನು ಸವಕಳಿಯ ಮಟ್ಟಿಗೆ ಕಂಪ್ಯೂಟರಿನ ವರ್ಗಕ್ಕೇ ಸೇರಿಸಬೇಕೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠ 2010ರಲ್ಲಿ ತೀರ್ಪಿತ್ತಿದೆ. ಆದುದರಿಂದ ಅದಕ್ಕೆ ಸಾಮಾನ್ಯ ಯಂತ್ರೋಪಕರಣಗಳ ಶೇ. 15ರ ಬದಲು ಕಂಪ್ಯೂಟರಿನ ಹೆಚ್ಚಿನ ದರದ ಸವಕಳಿ ಪಡೆಯಬಹುದು. ಅಂತರ್ಜಾಲದ ಬಿಲ್ಲು ಮನೆಯವರ ಹೆಸರಿನಲ್ಲಿದ್ದು ಅದರಲ್ಲಿ ವ್ಯಾಪಾರದ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. ಸಂಪರ್ಕವನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಂಡ ಬಳಿಕವೂ ಮನೆಯ ಬಳಕೆಯ ಪಾಲನ್ನು ಬಿಟ್ಟು, ವ್ಯಾಪಾರದ ಪಾಲಿಗಷ್ಟೇ ಜಮೆ ಪಡೆಯತಕ್ಕದ್ದು.